ಕಡಲಿಲ್ಲದ ಊರಲ್ಲಿ ಕಡಲ ತೊಟ್ಟಿ: ಬೆಳಕು ಕಾಯುತ್ತದೆ, ನೀರಿನ ಓಟ ಕಾಯುವುದಿಲ್ಲ

ತೆಲಂಗಾಣದ ಕೊಹೀರ್ ಪೇರಳೆಗೆ ಹೆಸರಾದ ಊರು. ಬೀದರ್ ಗಡಿ ಹತ್ತಿರ, ಕಡಲು ಮಾತ್ರ ನೂರಾರು ಕಿಲೋಮೀಟರ್ ದೂರ. ಇಂಥ ಊರಲ್ಲೂ ಉಪ್ಪುನೀರಿನ ಅಕ್ವೇರಿಯಂ ಇಡಬಹುದಾ? ಇಡಬಹುದು. ಅಕ್ವೇರಿಯಂಗೆಂದೇ ಸಿಗುವ ಉಪ್ಪನ್ನು ಆರ್‌ಒ ನೀರಿಗೆ ಬೆರೆಸಿ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶ ಬಂದರೆ ಕಡಲ ನೀರಿಗೆ ಸಮ.

ಮೊದಲು ಕಾನೂನು

ಕಲ್ಲು ಹವಳ, ಕರಿ ಹವಳ, ಕಡಲ ಬೀಸಣಿಗೆ, ಕಡಲ ಕುದುರೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳಕ್ಕೂ ಇದೇ ರಕ್ಷಣೆ. ಅಂಗಡಿಯವರು 'ನಡೆಯುತ್ತೆ' ಎಂದರೂ ಮನೆಗೆ ತರಬೇಡಿ. ಉಳಿದ ಜೀವಿಗಳಿಗೂ ದಾಖಲೆ ಕೇಳಿ. ಹ್ಯಾಚರಿಯಲ್ಲಿ ಬೆಳೆಸಿದ ಕ್ಲೌನ್ ಮೀನು ಒಳ್ಳೆಯ ಆರಂಭ.

ಬೆಳಕು ಎಷ್ಟು ಬೇಕು?

ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸವಿದೆ. ಅದು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ಕಡಲಲ್ಲಿ ಕೆಂಪು ಬೆಳಕು ಮೇಲೆಯೇ ಕರಗಿ ನೀಲಿ ಆಳಕ್ಕೆ ಇಳಿಯುವುದರಿಂದ ಹವಳದ ತೊಟ್ಟಿಗೆ ನೀಲಿ ಎಲ್‌ಇಡಿ ಹಾಕುತ್ತಾರೆ. ಮೀನಷ್ಟೇ ಇದ್ದರೆ ಆ ದುಬಾರಿ ದೀಪ ಬೇಕಿಲ್ಲ. ಸಾಧಾರಣ ಎಲ್‌ಇಡಿ, ಟೈಮರ್ ಹಾಕಿ ದಿನಕ್ಕೆ 8 ಗಂಟೆ ಸಾಕು. ಹೆಚ್ಚಿದರೆ ಗಾಜಿಗೆ ಪಾಚಿ ಹಿಡಿಯುತ್ತೆ, ಅಷ್ಟೇ.

ನೀರಿನ ಓಟ

ಉಳಿದ ದುಡ್ಡನ್ನು ಇಲ್ಲಿ ಹಾಕಿ. ನೀರು ನಿಂತರೆ ಕಸ ಮೂಲೆಯಲ್ಲಿ ಕೊಳೆಯುತ್ತದೆ, ಆಮ್ಲಜನಕ ಇಳಿಯುತ್ತದೆ. ಗಂಟೆಗೆ ತೊಟ್ಟಿಯ ನೀರಿನ 10 ಪಟ್ಟಾದರೂ ಓಡಲಿ. ಒಂದೇ ಕಡೆಯಿಂದ ರಭಸವಾಗಿ ಹೊಡೆಯುವ ಬದಲು ಎರಡು ಸಣ್ಣ ವೇವ್ ಮೇಕರ್ ಎದುರು ಬದುರು ಇಡಿ. ಒಂದರ ಮುಖ ಮೇಲಕ್ಕಿರಲಿ. ನೀರಿನ ಮೇಲ್ಮೈ ಅಲುಗಿದಾಗಲೇ ಗಾಳಿ ಬೆರೆಯುವುದು.

ಬೇಸಿಗೆ ಮತ್ತು ಕರೆಂಟ್

ತೊಟ್ಟಿಗೆ 25ರಿಂದ 27 ಡಿಗ್ರಿ ಹಿತ. ಕೊಹೀರ್ ಕಡೆ ಬೇಸಿಗೆಯಲ್ಲಿ ಹೊರಗೆ 40 ದಾಟುತ್ತದೆ. ಆದರೆ ಅಲ್ಲಿಯ ಒಣಗಾಳಿಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಸೆಖೆಯಲ್ಲಿ ಈ ಉಪಾಯ ಅಷ್ಟು ಫಲಿಸದು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ಕಮ್ಮಿಯಾದಷ್ಟು ಸಿಹಿನೀರನ್ನೇ ತುಂಬಿಸಿ.

ಕರೆಂಟ್ ಹೋದರೆ? ದೀಪ ಒಂದು ದಿನ ಆರಿದರೂ ಮೀನು ಸಾಯುವುದಿಲ್ಲ. ಬಿಸಿ ನೀರಲ್ಲಿ ಆಮ್ಲಜನಕವೇ ಕಮ್ಮಿ. ಪಂಪ್ ಕೆಲವು ಗಂಟೆ ನಿಂತರೆ ಬೆಳಗಾಗುವಷ್ಟರಲ್ಲಿ ಮೀನು ತೇಲುತ್ತಿರಬಹುದು. ಇನ್ವರ್ಟರ್‌ಗೆ ದೀಪ ಬೇಡ, ವೇವ್ ಮೇಕರ್ ಜೋಡಿಸಿ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಏರ್ ಪಂಪ್ ಒಂದನ್ನು ಮೀನು ತರುವ ಮೊದಲೇ ತಂದಿಟ್ಟುಕೊಳ್ಳಿ.