ಬೆನ್ನ ಹಿಂದಿನ ಬೀಸು: ಗದಗ ಸೀಮೆಯ ಗರಡಿಗಳಲ್ಲಿ ಗದೆಯ ಶಿಕ್ಷಣ

ಗರಡಿಮನೆಯ ಸಾಧನೆಗಳಲ್ಲಿ ಗದೆ ತಿರುವುವುದು ನೋಡಲು ಸುಲಭವೆನಿಸಿದರೂ ಒಬ್ಬಂಟಿಯಾಗಿ ಕಲಿಯಲು ತೀರ ಕಠಿಣವಾದದ್ದು, ಏಕೆಂದರೆ ಅದರ ನಿರ್ಣಾಯಕ ಭಾಗವೆಲ್ಲ ಕಲಿಯುವವನ ಬೆನ್ನ ಹಿಂದೆ, ಅವನ ಕಣ್ಣಿಗೆ ಬೀಳದ ಕಡೆಯಲ್ಲಿ ನಡೆಯುತ್ತದೆ. ದಂಡ, ಬೈಠಕ್‌ಗಳಲ್ಲಿ ಆದ ತಪ್ಪು ಮಂಡಿಗೋ ಮೊಣಕೈಗೋ ತಾನೇ ತಿಳಿಯುತ್ತದೆ. ಕುಸ್ತಿಯ ಪಟ್ಟಿನಲ್ಲಿ ಆದ ತಪ್ಪನ್ನು ಎದುರಾಳಿ ತಕ್ಷಣ ತಿಳಿಸಿಕೊಡುತ್ತಾನೆ. ಗದೆಯ ಬೀಸಿನಲ್ಲಿ ಆದ ತಪ್ಪನ್ನು ಹೇಳಲು ಮಾತ್ರ ಪಕ್ಕದಲ್ಲಿ ನಿಂತು ನೋಡುವ ಇನ್ನೊಬ್ಬನೇ ಬೇಕು. ಹಿರೇಹಂದಿಗೋಳದ ಸುತ್ತಲಿನ ಎರೆ ನೆಲದಿಂದ ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ ನೆಲದವರೆಗೆ ಹರಡಿರುವ ಗದಗ ಸೀಮೆಯಲ್ಲಿ ಆ ಇನ್ನೊಬ್ಬನನ್ನು ಉಸ್ತಾದ, ಕೆಲವೆಡೆ ವಸ್ತಾದ, ಎಂದು ಕರೆಯುತ್ತ ಬಂದಿದ್ದಾರೆ, ಮತ್ತು ಅವನ ಕಸುಬಿನ ಚರಿತ್ರೆಯನ್ನು ಗೆದ್ದ ಪೈಲವಾನರ ಚರಿತ್ರೆಯಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ಸೀಮೆಯ ಬಹುಭಾಗ ಬೆಳ್ವೊಲ ಮುನ್ನೂರು ಮತ್ತು ಪುಲಿಗೆರೆ ಮುನ್ನೂರು ಎಂಬ ಎರಡು ನಾಡುಗಳಿಗೆ ಸೇರಿತ್ತು. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಆ ವಂಶದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಅಧ್ಯಾಯವಿದ್ದು, ಅದು ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ತಕ್ಕಂತೆ ವಿಂಗಡಿಸಿ, ಅವರ ಸಾಧನೆಗಳನ್ನೂ ಹೆಸರಿಸುತ್ತದೆ: ಭಾರ ಎತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ಒತ್ತುವುದು ಬಾಹುಪೆಲ್ಲಣಕ ಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಇವುಗಳಲ್ಲಿ ಕೊನೆಯದನ್ನು ಇಂದಿನ ಮಲ್ಲಕಂಬದ ಪೂರ್ವರೂಪವೆಂದು ಹೇಳುವುದು ವಾಡಿಕೆ. ಮಲ್ಲನಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆಗಳನ್ನು ಅರಸನೇ ಒದಗಿಸಬೇಕೆಂದು ಹೇಳುವ ಈ ಗ್ರಂಥ ಅಂತಃಪುರದ ಹೆಂಗಸರಿಂದ ಅವನನ್ನು ದೂರವಿಡಬೇಕೆಂದು ಎಚ್ಚರಿಸಲೂ ಮರೆಯುವುದಿಲ್ಲ. ಇದು ಮಲ್ಲರನ್ನು ಸಾಕುವವನ ದೃಷ್ಟಿಯಿಂದ ಹುಟ್ಟಿದ ಬರವಣಿಗೆಯೆಂಬುದು ಸ್ಪಷ್ಟ. ಊಟದ ಖರ್ಚು ಹೊತ್ತವನಿಗೆ ಊಟದ ಪಟ್ಟಿ ಮುಖ್ಯ, ಮಲ್ಲನ ಮೊಣಕೈ ಎಲ್ಲಿರಬೇಕೆಂಬುದು ಅವನ ಚಿಂತೆಯಲ್ಲ.

ಗದೆಯ ಗುರುವನ್ನು ಹುಡುಕುವವರು ಕಾವ್ಯದ ಕಡೆಗೆ ತಿರುಗಬೇಕಾಗುತ್ತದೆ. ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯ ಆಶ್ರಯ ಪಡೆದ ರನ್ನ ತನ್ನ ‘ಗದಾಯುದ್ಧ’ದಲ್ಲಿ ಇಡೀ ಭಾರತದ ಕಥೆಯನ್ನು ಭೀಮ ದುರ್ಯೋಧನರ ಗದೆಗಳ ಸುತ್ತ ಕಟ್ಟಿದನು. ಇಬ್ಬರಿಗೂ ಗದಾವಿದ್ಯೆಯಲ್ಲಿ ಗುರು ಒಬ್ಬನೇ, ಬಲರಾಮ. ಮೂಲ ಭಾರತದ ಶಲ್ಯಪರ್ವದಲ್ಲಿ ಕೃಷ್ಣನು ಅವರಿಬ್ಬರನ್ನು ತೂಗಿ ನೋಡುವಾಗ ಪಾಠ ಇಬ್ಬರಿಗೂ ಸಮ, ಬಲ ಭೀಮನಿಗೆ ಹೆಚ್ಚು, ಸಾಧನೆ ದುರ್ಯೋಧನನಿಗೆ ಹೆಚ್ಚು ಎಂಬ ಅರ್ಥದ ಮಾತನ್ನಾಡುತ್ತಾನೆ. ಪಾಠ, ಬಲ, ಸಾಧನೆ ಎಂಬ ಮೂರನ್ನು ಹೀಗೆ ಬಿಡಿಸಿಟ್ಟ ಆ ತೀರ್ಪು ಯಾವ ಉಸ್ತಾದನೂ ಒಪ್ಪುವಂಥದ್ದು.

ಗರಡಿಯೆಂದರೆ ಬಾಗಿ ಒಳಗೆ ಹೋಗಬೇಕಾದ ತಗ್ಗು ಬಾಗಿಲಿನ, ಬೆಳಕು ಕಡಿಮೆಯಿರುವ, ಹನುಮಂತನ ಮೂರ್ತಿಯೋ ಪಟವೋ ಇರುವ ಕೋಣೆ. ಅದರ ನಡುವೆ ಕಣ, ಅಂದರೆ ಹದ ಮಾಡಿದ ಕೆಮ್ಮಣ್ಣು ತುಂಬಿದ ಅಂಕಣ. ಎರೆ ಮಣ್ಣು ಒದ್ದೆಯಾದರೆ ಮೈಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಟ್ಟು ಹೆಂಟೆಯಾಗುತ್ತದೆ; ಆದ್ದರಿಂದ ಹತ್ತಿ ಜೋಳಗಳಿಗೆ ಹೆಸರಾದ ನೆಲದವರೂ ಕುಸ್ತಿಗೆ ಮಾತ್ರ ಕೆಂಪು ಮಣ್ಣನ್ನೇ ತಂದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ, ಸಲಿಕೆಯಿಂದ ಮತ್ತೆ ಮತ್ತೆ ಅಗೆದು ಮೆತ್ತಗೆ ಮಾಡಬೇಕಾಗುತ್ತದೆ. ಗೋಡೆಗೆ ಒರಗಿಸಿಟ್ಟ ಸಲಕರಣೆಗಳಲ್ಲಿ ಜೋಡಿಯಾಗಿ ಬೀಸುವ ಮರದ ಲೋಡುಗಳೂ, ಉದ್ದನೆಯ ಹಿಡಿಯ ತುದಿಗೆ ಕಲ್ಲಿನ ಗುಂಡು ಸಿಕ್ಕಿಸಿದ ಗದೆಯೂ ಇರುತ್ತವೆ.

ಗದೆಯ ಪಾಠ ಗದೆಯಿಂದ ಆರಂಭವಾಗುವುದಿಲ್ಲ. ಹೊಸಬನ ಕೈಗೆ ಮೊದಲು ಹಗುರವಾದ ಕೋಲು ಬರುತ್ತದೆ. ಹೆಜ್ಜೆಗಳ ನಡುವೆ ಹೆಗಲಗಲ ಬಿಟ್ಟು ನಿಂತು, ಕೋಲನ್ನು ಹೆಗಲಿನಿಂದ ಎತ್ತಿ, ತಲೆಯ ಹಿಂದೆ ಇಳಿಬಿಟ್ಟು, ಇನ್ನೊಂದು ಹೆಗಲ ಮೇಲಿಂದ ಮುಂದಕ್ಕೆ ತರುವುದಷ್ಟೇ ಆ ಬೀಸು. ಕಲ್ಲಿನ ಗುಂಡು ಬೆನ್ನ ಹಿಂದೆ ತನ್ನ ತೂಕದಿಂದಲೇ ಇಳಿದು, ಆ ಇಳಿತದ ವೇಗದಲ್ಲೇ ಇನ್ನೊಂದು ಪಕ್ಕಕ್ಕೆ ಏರಬೇಕು. ಏರುವ ಕ್ಷಣದಲ್ಲಿ ಮಾತ್ರ ಹೆಗಲು ಮತ್ತು ಬೆನ್ನು ಅದನ್ನು ಸೆಳೆಯಬೇಕು. ಕಲಿಯುವವನು ಅವಸರಪಟ್ಟು ಗುಂಡು ಇಳಿಯುವ ಮೊದಲೇ ಮಣಿಕಟ್ಟಿನಿಂದ ಜಗ್ಗುತ್ತಾನೆ, ಜಗ್ಗಿದ ಕೂಡಲೇ ಸೊಂಟ ಮುಂದಕ್ಕೆ ಬಾಗುತ್ತದೆ, ಮೊಣಕೈ ಕಿವಿಯಿಂದ ದೂರ ಸರಿಯುತ್ತದೆ, ಉಸಿರು ಕಟ್ಟುತ್ತದೆ. ಇಷ್ಟಾದರೂ ತಾನು ನೆಟ್ಟಗೆ ನಿಂತಿದ್ದೇನೆಂದೇ ಅವನ ಮೈ ಅವನಿಗೆ ಹೇಳುತ್ತಿರುತ್ತದೆ. ಉಸ್ತಾದ ಆಗ ಮಾತಿಗಿಂತ ಕೈಯನ್ನು ಹೆಚ್ಚಾಗಿ ಬಳಸುತ್ತಾನೆ: ಗದೆಯನ್ನು ಕೆಳಗಿಡಿಸಿ, ಬರಿಗೈಯಲ್ಲಿ ಬೀಸಿಸಿ, ನಡುವಿಗೆ ಅಂಗೈ ಇಟ್ಟು ಬಾಗದಂತೆ ತಡೆದು, ಮೊಣಕೈಯನ್ನು ಎರಡು ಬೆರಳಿನಿಂದ ಒಳಕ್ಕೆ ದೂಡುತ್ತಾನೆ. ನಾಲ್ಕು ತಪ್ಪುಗಳನ್ನು ಒಮ್ಮೆಗೇ ಹೇಳುವವನು ಒಳ್ಳೆಯ ಉಸ್ತಾದನಲ್ಲ. ಅವಸರವೊಂದನ್ನು ಬಿಡಿಸಿದರೆ ಉಳಿದ ಮೂರು ತಾವಾಗಿ ಸರಿಹೋಗಬಹುದೆಂದು ಕಂಡುಕೊಳ್ಳುವುದರಲ್ಲೇ ಅವನ ವಿದ್ಯೆಯಿದೆ.

ಈ ಕಸುಬಿಗೆ ಅನ್ನ ಹಾಕಿದವರು ಕಾಲದಿಂದ ಕಾಲಕ್ಕೆ ಬದಲಾದರು. ಹತ್ತೊಂಬತ್ತನೆಯ ಶತಮಾನದಲ್ಲಿ ಗದಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದರೆ, ಲಕ್ಷ್ಮೇಶ್ವರ ಪಟವರ್ಧನರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಮೈಸೂರಿನಲ್ಲಿ ಜಟ್ಟಿಗಳೆಂಬ ವಂಶಪಾರಂಪರ್ಯದ ಮಲ್ಲರನ್ನು ಅರಮನೆ ಪೋಷಿಸಿತು; ಈ ಕಡೆಯವರ ಕಣ್ಣು ಕೊಲ್ಹಾಪುರದ ಮೇಲಿತ್ತು. ಅಲ್ಲಿ ಶಾಹು ಮಹಾರಾಜರು 1912ರಲ್ಲಿ ಖಾಸಬಾಗ ಕುಸ್ತಿ ಮೈದಾನವನ್ನು ಕಟ್ಟಿಸಿದರು, ಮತ್ತು ಅಲ್ಲಿನ ತಾಲೀಮುಗಳು, ಅಂದರೆ ಗರಡಿಗಳು, ಉತ್ತರ ಕರ್ನಾಟಕದ ಹುಡುಗರನ್ನೂ ಸೆಳೆದವು. ಹಳ್ಳಿಯ ಉಸ್ತಾದನಿಗೆ ಇಂಥ ಆಸರೆಯಿರಲಿಲ್ಲ. ಅವನು ಹೊಲ ಮಾಡಿಕೊಂಡು, ನಸುಕಿನಲ್ಲೂ ಸಂಜೆಯಲ್ಲೂ ಕಲಿಸಿ, ಶಿಷ್ಯ ಜಾತ್ರೆಯಲ್ಲಿ ಗೆದ್ದಾಗ ಬರುವ ಪೇಟ, ಟೆಂಗಿನಕಾಯಿ, ಗುರುಕಾಣಿಕೆಗಳಲ್ಲಿ ತೃಪ್ತಿಪಡುವವನಾಗಿದ್ದ.

ಇದೇ ಅವಧಿಯಲ್ಲಿ ಲೋಡು ಸಮುದ್ರ ದಾಟಿತು. ಭಾರತದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಅದನ್ನು ಇಂಗ್ಲೆಂಡಿಗೆ ಒಯ್ದರು. 1834ರಲ್ಲಿ ಡೊನಾಲ್ಡ್ ವಾಕರ್, 1866ರಲ್ಲಿ ಅಮೆರಿಕದ ಸಿಮ್ ಕೀಹೋ ತಮ್ಮ ಪುಸ್ತಕಗಳಲ್ಲಿ ಚಿತ್ರಗಳ ಮೂಲಕ ಲೋಡು ಬೀಸುವುದನ್ನು ಕಲಿಸಲು ಯತ್ನಿಸಿದರು. 1904 ಮತ್ತು 1932ರ ಒಲಿಂಪಿಕ್ಸ್‌ಗಳಲ್ಲಿ ಲೋಡು ಬೀಸುವುದೂ ಒಂದು ಸ್ಪರ್ಧೆಯಾಗಿತ್ತು. ಪುಸ್ತಕ ಉಸ್ತಾದನ ಜಾಗ ಹಿಡಿಯಲು ಸಾಧ್ಯವಾದದ್ದು ಹಗುರ ಲೋಡಿನಲ್ಲಿ ಮಾತ್ರ. ತಾಳಕ್ಕೆ ಸರಿಯಾಗಿ ಸಾಲಿನಲ್ಲಿ ನಿಂತು ಬೀಸುವ ಕವಾಯತಾಗಿ ಅದು ಮಾರ್ಪಟ್ಟಿತ್ತು.

ಅತ್ತ ಬ್ರಿಟಿಷರು ಇಲ್ಲಿಗೆ ತಂದ ಆಟಗಳಲ್ಲಿ ಗಾಲ್ಫ್ ಕೂಡ ಬೀಸಿನ ಆಟವೇ, ಮತ್ತು ಅದರಲ್ಲೂ ದಾಂಡು ತಲೆಯ ಹಿಂದೆ ಏರಿ ತಿರುಗುವ ಘಟ್ಟ ಆಟಗಾರನಿಗೆ ಕಾಣುವುದಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಆರಂಭವಾಯಿತು. ಸದಸ್ಯರಿಗೆ ಶಿಕ್ಷಕರು ಸಿಗುತ್ತಿದ್ದ ಇಂಥ ಮೈದಾನಗಳಲ್ಲಿ ದಾಂಡಿನ ಚೀಲ ಹೊರುವ ಕ್ಯಾಡಿಗಳು ನೋಡಿಯೇ ಕಲಿತರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಆರಂಭಿಸಿದ ಸಿ. ಮುನಿಯಪ್ಪ 2009ರ ಇಂಡಿಯನ್ ಓಪನ್ ಗೆದ್ದದ್ದನ್ನು ಗುರುವಿಲ್ಲದ ವಿದ್ಯೆಗೆ ಉದಾಹರಣೆಯಾಗಿ ಹೇಳುವುದುಂಟು. ದಿನವಿಡೀ ಪರರ ಬೀಸುಗಳನ್ನು ಪಕ್ಕದಲ್ಲಿ ನಿಂತು ನೋಡುವ ಕ್ಯಾಡಿಗೆ ಉಸ್ತಾದನ ಕಣ್ಣು ತಾನಾಗಿ ಕೂಡಿಬರುತ್ತದೆ ಎಂದು ಅದನ್ನು ಬಗೆಯುವುದು ಹೆಚ್ಚು ಸರಿ.

ಗದಗ ಸೀಮೆಯಲ್ಲಿ ಸ್ವಾತಂತ್ರ್ಯಾನಂತರ ಬದಲಾದದ್ದು ನೆಲ. ಅಂತರರಾಷ್ಟ್ರೀಯ ಕುಸ್ತಿ ಮ್ಯಾಟಿನ ಮೇಲೆ ನಡೆಯುವುದರಿಂದ ಕ್ರೀಡಾ ಇಲಾಖೆಯ ವಸತಿನಿಲಯಗಳೂ ಮ್ಯಾಟಿಗೆ ಬಂದವು. 1961ರಲ್ಲಿ ಪಟಿಯಾಲದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರಿಗೆ ಪ್ರಮಾಣಪತ್ರ ಕೊಡತೊಡಗಿತು. ಗರಡಿಯ ಹೊಸ್ತಿಲು ದಾಟಲು ಬಿಡದಿದ್ದ ಹೆಣ್ಣುಮಕ್ಕಳಿಗೆ ಕುಸ್ತಿಯ ದಾರಿ ತೆರೆದದ್ದೂ ಈ ವ್ಯವಸ್ಥೆಯಿಂದಲೇ, ಮತ್ತು ಹಳೆಯ ಪದ್ಧತಿಯನ್ನು ಹೊಗಳುವವರು ಇದನ್ನು ಮರೆಯಬಾರದು. ಪದಕದ ಲೆಕ್ಕಕ್ಕೆ ಬಾರದ ಗದೆ ಮಾತ್ರ ಈ ಪಠ್ಯಕ್ರಮದ ಅಂಚಿಗೆ ಸರಿದು, ದೊಡ್ಡ ಕುಸ್ತಿಗಳಲ್ಲಿ ಗೆದ್ದವನ ಹೆಗಲೇರುವ ಬೆಳ್ಳಿಯ ಬಹುಮಾನವಾಗಿ ಹೆಚ್ಚು ಪರಿಚಿತವಾಗಿದೆ. ಮಣ್ಣಿನ ಕಣ ಉಳಿಸಿಕೊಂಡ ಗರಡಿಗಳಲ್ಲಿ ಅದರ ಸಾಮು ನಡೆಯುತ್ತದೆ. ಅಲ್ಲಿಯ ಹುಡುಗರು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ತಮ್ಮ ಬೆನ್ನನ್ನು ತಾವೇ ನೋಡಿಕೊಳ್ಳಬಲ್ಲರು. ಆದರೆ ಅದರಲ್ಲಿ ಕಾಣುವ ನಾಲ್ಕು ತಪ್ಪುಗಳಲ್ಲಿ ಯಾವುದನ್ನು ಮೊದಲು ತಿದ್ದಬೇಕೆಂದು ಕೇಳಲು ಉಸ್ತಾದನ ಹತ್ತಿರವೇ ಹೋಗುತ್ತಾರೆ.