ಹಕ್ಕಿಯ ದನಿಯನ್ನು ಹಿಡಿದ ಕಥೆ

ಬಾನುಲಿಯ ನಾಟಕಕ್ಕೆ ಪರದೆಯಿಲ್ಲ, ಬಣ್ಣವಿಲ್ಲ, ದೀಪವಿಲ್ಲ. ದುಷ್ಯಂತನು ಕಣ್ವಾಶ್ರಮವನ್ನು ಹೊಕ್ಕನೆಂಬುದು ಶ್ರೋತೃಗಳಿಗೆ ತಿಳಿಯಬೇಕಾದರೆ ಹಕ್ಕಿಗಳು ಕೂಗಬೇಕು. ಮಳೆಗೆ ಮೊರದಲ್ಲಿ ಕಾಳನ್ನು ಹೊರಳಿಸುವುದು, ಗುಡುಗಿಗೆ ತಗಡನ್ನು ಅಲುಗಿಸುವುದು, ಕುದುರೆಯ ಹೆಜ್ಜೆಗೆ ತೆಂಗಿನ ಚಿಪ್ಪುಗಳನ್ನು ಕುಟ್ಟುವುದು, ಇವೆಲ್ಲ ಹಳೆಯ ಉಪಾಯಗಳು. ಹಕ್ಕಿಯ ಕೂಗಿಗೆ ಮಾತ್ರ ಎರಡೇ ದಾರಿ: ಅನುಕರಣದಲ್ಲಿ ಪಳಗಿದವರೊಬ್ಬರನ್ನು ಕರೆಸುವುದು, ಇಲ್ಲವೇ ನಿಜವಾದ ಹಕ್ಕಿಯ ದನಿಯನ್ನು ಮೊದಲೇ ಹಿಡಿದಿಟ್ಟ ಪ್ಲೇಟನ್ನು ಹಾಕುವುದು. ಇವುಗಳಲ್ಲಿ ಎರಡನೆಯದು ಸತ್ಯ, ಮೊದಲನೆಯದು ಸೋಗು ಎಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಆದರೆ ಈ ಕಲೆಯ ಚರಿತ್ರೆಯನ್ನು ತುಸು ವಿಚಾರಿಸಿ ನೋಡಿದರೆ ಆ ತೀರ್ಪು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಎಡಿಸನ್ ಮಹಾಶಯನು ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿದುದು 1877ರಲ್ಲಿ. ಅದಾದ ಹನ್ನೆರಡು ವರ್ಷಗಳ ಮೇಲೆ, 1889ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಲುಡ್ವಿಗ್ ಕಾಖ್ ಎಂಬ ಸುಮಾರು ಎಂಟು ವರ್ಷದ ಬಾಲಕನು, ತಂದೆ ತಂದುಕೊಟ್ಟ ಯಂತ್ರದ ಮುಂದೆ ತನ್ನ ಪಂಜರದ ಹಕ್ಕಿಯೊಂದನ್ನು ಇರಿಸಿ, ಅದರ ಹಾಡನ್ನು ಮೇಣದ ಉರುಳೆಯ ಮೇಲೆ ಹಿಡಿದನು. ಇಂದು ಉಳಿದಿರುವ ಹಕ್ಕಿದನಿಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಬಲ್ಲವರು ಹೇಳುತ್ತಾರೆ. ನಮಗೆ ಸೋಜಿಗವೆನಿಸುವುದು ಆ ಹಕ್ಕಿಯ ಜಾತಿ. ಅದು ಯೂರೋಪಿನದಲ್ಲ, ಭಾರತದ ಶಾಮಾ. ನಮ್ಮ ಹಿತ್ತಿಲುಗಳಲ್ಲಿ ಬೆಳಗಿನ ಜಾವ ಸಿಳ್ಳು ಹಾಕುವ ಮಡಿವಾಳ ಹಕ್ಕಿಯ ದಾಯಾದಿ. ಪಶ್ಚಿಮ ಘಟ್ಟದ ಬಿದಿರು ಮೆಳೆಗಳಲ್ಲಿ ಇಂದಿಗೂ ಹಾಡುವಂಥದು. ಶಾಸ್ತ್ರಜ್ಞರು ಅದಕ್ಕಿಟ್ಟ ಲ್ಯಾಟಿನ್ ಹೆಸರಿನಲ್ಲಿಯೂ ಮಲಬಾರಿನ ಹೆಸರು ಸೇರಿದೆ. ಮತ್ತೊಂದು ಮಾತು: ಶಾಮಾ ಇತರ ಹಕ್ಕಿಗಳ ಕೂಗನ್ನು ಕಲಿತು ತನ್ನ ಹಾಡಿನಲ್ಲಿ ಹೆಣೆಯುವುದರಲ್ಲಿ ಜಾಣ. ಹೀಗೆ ಯಂತ್ರವು ಮೊದಲು ಹಿಡಿದ ಹಕ್ಕಿಯೇ ಒಬ್ಬ ಅನುಕರಣಪಟು!

ಆ ಕಾಲದ ಯಂತ್ರದಲ್ಲಿ ವಿದ್ಯುಚ್ಛಕ್ತಿಯ ಕೆಲಸವಿರಲಿಲ್ಲ. ದೊಡ್ಡದೊಂದು ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ದನಿಯ ಬಲದಿಂದಲೇ ತೆಳುವಾದ ಪರೆಯೊಂದು ಅದುರಿ, ಅದಕ್ಕೆ ಕಚ್ಚಿಸಿದ ಮುಳ್ಳು ಮೇಣದಲ್ಲಿ ಗೀರು ಎಳೆಯಬೇಕು. ದೂರದ ದನಿ, ಮೆಲುದನಿ, ಬಹಳ ತಾರವಾದ ದನಿ, ಇವೊಂದೂ ಅದಕ್ಕೆ ಸಿಕ್ಕುತ್ತಿರಲಿಲ್ಲ. ಆದಕಾರಣ ಮೊದಲು ಸಿಕ್ಕಿಬಿದ್ದುದು ಮನುಷ್ಯರಲ್ಲಿ ಕಂಠಬಲವುಳ್ಳವರು, ಹಕ್ಕಿಗಳಲ್ಲಿ ಪಂಜರದಲ್ಲಿದ್ದವು.

ಗಾಯಕರ ವಿಷಯಕ್ಕೆ ಬಂದರೆ, ನಮ್ಮ ದೇಶದ ದೊಡ್ಡ ಕಥೆ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ನಡೆಯಿತು. ಗ್ರಾಮಫೋನ್ ಕಂಪೆನಿಯ ಪರವಾಗಿ ಬಂದ ಫ್ರೆಡ್ ಗೈಸ್‌ಬರ್ಗ್ ಅಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಕಂಠವನ್ನು ಮುದ್ರಿಸಿಕೊಂಡನು. ಗಂಟೆಗಟ್ಟಲೆ ಹರಿಯುವ ಸಂಗೀತವನ್ನು ಆಕೆ ಮೂರು ನಿಮಿಷದ ಅಳತೆಗೆ ಇಳಿಸಿ, ಕಡೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಸಾರಿದಳು. ಇದು ಗರ್ವದ ಮಾತಲ್ಲ. ಮೇಣದ ಮೂಲಪ್ರತಿಗಳು ಪ್ಲೇಟುಗಳಾಗಬೇಕಾಗಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ತಿಳಿಯುವುದಕ್ಕಾಗಿ ಮಾಡಿದ ಏರ್ಪಾಡು ಅದು. ಆದರೂ ಆ ನಾಲ್ಕು ಮಾತುಗಳಿಂದ ಆಕೆಯ ದನಿ ಎಲ್ಲಿಗೆ ಹೋದರೂ ಆಕೆಯದಾಗಿಯೇ ಉಳಿಯಿತು. ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದುದು 1935ರಲ್ಲಿ. ಆ ಕಂಠ ನಮ್ಮ ನಿಲಯದ ಮುಂದೆ ನಿಂತು ಹಾಡುವ ಯೋಗ ಐದು ವರ್ಷಗಳಲ್ಲಿ ತಪ್ಪಿತು.

ಹಕ್ಕಿಗೆ ತನ್ನ ಹೆಸರನ್ನು ಸಾರುವ ಅನುಕೂಲವಿಲ್ಲ. ಯಾರು ಹೇಗೆ ಕರೆದರೆ ಹಾಗೆ ಅದು ನಡೆಯಬೇಕು. 1910ರಲ್ಲಿ ಕಾರ್ಲ್ ರೈಖ್ ಎಂಬ ಜರ್ಮನ್ ಪಕ್ಷಿಪ್ರೇಮಿ ಸಾಕಿದ ನೈಟಿಂಗೇಲಿನ ಹಾಡು ಪ್ಲೇಟಾಗಿ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದಿತು. (ನಮ್ಮವರು ಈ ಹಕ್ಕಿಯನ್ನು ಕೆಲವೊಮ್ಮೆ ಕೋಗಿಲೆಯೆಂದು ಅನುವಾದಿಸುವುದುಂಟು, ಎರಡಕ್ಕೂ ಯಾವ ನಂಟೂ ಇಲ್ಲ.) ಇಟಲಿಯ ಸಂಗೀತಕಾರ ರೆಸ್ಪೀಗಿ 1924ರಲ್ಲಿ ರೋಮ್ ನಗರದ ಪೈನ್ ಮರಗಳನ್ನು ಕುರಿತು ರಚಿಸಿದ ವಾದ್ಯಪ್ರಬಂಧದಲ್ಲಿ, ಒಂದು ಘಟ್ಟದಲ್ಲಿ ನೈಟಿಂಗೇಲಿನ ಪ್ಲೇಟನ್ನು ಹಾಕಬೇಕೆಂದು ವಿಧಿಸಿದನು. ಮೇಳದಲ್ಲಿ ಕೊಳಲಿಗೆ ಕೊರತೆಯಿತ್ತೆ? ಇರಲಿಲ್ಲ. ಕೊಳಲು ಹಕ್ಕಿಯಂತೆ ನುಡಿಯುವುದು ಅವನಿಗೆ ಬೇಡವಾಗಿತ್ತು, ಹಕ್ಕಿಯೇ ಬೇಕಾಗಿತ್ತು.

ಅದೇ 1924ರ ಮೇ 19ರಂದು ಬಿ.ಬಿ.ಸಿ. ಮತ್ತೂ ಮುಂದಕ್ಕೆ ಹೋಯಿತು. ಇಂಗ್ಲೆಂಡಿನ ಸರೇ ಪ್ರಾಂತದ ಆಕ್ಸ್‌ಟೆಡ್ ಎಂಬಲ್ಲಿ ಬಿಯಾಟ್ರಿಸ್ ಹ್ಯಾರಿಸನ್ ಎಂಬ ವಿದುಷಿ ತನ್ನ ತೋಟದಲ್ಲಿ ರಾತ್ರಿ ಚೆಲೋ ವಾದ್ಯವನ್ನು ನುಡಿಸುವಾಗ ನೈಟಿಂಗೇಲು ಜತೆಗೂಡಿ ಹಾಡುತ್ತಿತ್ತು. ಆಕೆಯ ಒತ್ತಾಯದ ಮೇರೆಗೆ ಮೈಕ್ರೋಫೋನನ್ನು ತೋಟಕ್ಕೆ ಒಯ್ದು ನೇರವಾಗಿ ಪ್ರಸಾರ ಮಾಡಿದರು. ಜನ ಮರುಳಾದರು, ವರ್ಷವರ್ಷವೂ ಆ ಪ್ರಸಾರ ನಡೆಯಿತು. 1942ರ ಮೇ ತಿಂಗಳಲ್ಲಿ ಅದಕ್ಕೆ ಸಿದ್ಧತೆ ನಡೆದಿದ್ದಾಗ ಬಾಂಬು ಹೊತ್ತ ವಿಮಾನಗಳ ಹಿಂಡು ಜರ್ಮನಿಯ ಕಡೆಗೆ ಆ ತೋಟದ ಮೇಲೆಯೇ ಹಾರಿತು. ಶತ್ರುವಿಗೆ ಸುಳಿವು ಸಿಕ್ಕೀತೆಂದು ಪ್ರಸಾರವನ್ನು ತಡೆದರು. ಮುದ್ರಣ ಮಾತ್ರ ನಡೆಯುತ್ತಲೇ ಇತ್ತು. ಇಂದು ಆ ಪ್ಲೇಟಿನಲ್ಲಿ ಯಂತ್ರಗಳ ಮೊರೆತ ಏರುವುದನ್ನೂ ಇಳಿಯುವುದನ್ನೂ ಕೇಳಬಹುದು. ನಡುವೆ ಹಕ್ಕಿ ನಿಲ್ಲಿಸದೆ ಹಾಡುತ್ತದೆ. ಯಾವ ನಾಟಕದ ಶಬ್ದಪರಿಕರವೂ ಇಂಥದೊಂದನ್ನು ಕಲ್ಪಿಸಲಾರದು.

ಆದರೆ 1924ರ ಆ ಮೊದಲ ರಾತ್ರಿ ಹಾಡಿದುದು ಹಕ್ಕಿಯೇ ಅಲ್ಲ, ಹಕ್ಕಿಯಂತೆ ಸಿಳ್ಳು ಹಾಕಬಲ್ಲ ಕಲಾವಿದೆಯೊಬ್ಬಳೆಂಬ ವಾದ 2022ರಲ್ಲಿ ಪತ್ರಿಕೆಗಳಿಗೆ ಬಂದಿತು. ಎಲ್ಲರೂ ಅದನ್ನು ಒಪ್ಪಿಲ್ಲ. ನಾವು ಗಮನಿಸಬೇಕಾದುದು ಬೇರೊಂದು: ಸುದ್ದಿ ತಿಳಿದ ಜನರಿಗೆ ಆದ ನೋವು. ಕೇಳಿದ ದನಿಯಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಹಾಡಿದವರು ಯಾರೆಂಬ ನಂಬಿಕೆಯೊಂದೇ ಅಲುಗಿತು.

ಹಾಗೆಂದು ನಿಜವಾದ ಹಕ್ಕಿಯ ಪ್ಲೇಟು ಸುಳ್ಳು ಹೇಳುವುದಿಲ್ಲವೆನ್ನಬಾರದು. 1930ರ ದಶಕದ ಟಾರ್ಜಾನ್ ಚಿತ್ರಗಳಲ್ಲಿ ಆಫ್ರಿಕದ ಕಾಡೆಂದು ತೋರಿಸುವ ಕಡೆ ಗಹಗಹಿಸಿ ನಗುವ ದನಿಯೊಂದು ಕೇಳಿಬರುತ್ತದೆ. ಅದು ಕೂಕಬುರಾ ಎಂಬ ಮಿಂಚುಳ್ಳಿಯದು; ಅದರ ದೇಶ ಆಸ್ಟ್ರೇಲಿಯ. ದನಿ ಅಪ್ಪಟ, ಕಾಡು ಖೋಟಾ. ಆಶ್ರಮದ ದೃಶ್ಯಕ್ಕೆ ನೈಟಿಂಗೇಲಿನ ಪ್ಲೇಟನ್ನು ಹಾಕಿದರೂ ಇದೇ ದೋಷ. ಕಣ್ವರ ತಪೋವನದಲ್ಲಿ ಯೂರೋಪಿನ ಹಕ್ಕಿಗೆ ಏನು ಕೆಲಸ? ಅದಕ್ಕಿಂತ ಮಡಿವಾಳ ಹಕ್ಕಿಯನ್ನು ದಿನವೂ ಕೇಳಿ ಬೆಳೆದ ಹಳ್ಳಿಯ ಹುಡುಗನ ಸಿಳ್ಳೇ ನಮ್ಮ ಮಟ್ಟಿಗೆ ಮೇಲು.

ಫ್ರಾಂಕ್‌ಫರ್ಟಿನ ಬಾಲಕನ ಮುಂದಿನ ಕಥೆ ಹೀಗಿದೆ. ಕಾಖ್ ಬೆಳೆದು ಸ್ವತಃ ಗಾಯಕನಾದನು. ತರುವಾಯ ಧ್ವನಿಮುದ್ರಣದ ಉದ್ಯೋಗಕ್ಕೆ ಇಳಿದನು. ಯಹೂದ್ಯನಾದ್ದರಿಂದ ಹಿಟ್ಲರನ ಆಳ್ವಿಕೆಯಲ್ಲಿ ನಿಲ್ಲಲಾರದೆ 1936ರಲ್ಲಿ ಇಂಗ್ಲೆಂಡಿನ ಆಶ್ರಯ ಪಡೆದನು. ಅದೇ ವರ್ಷ ಮ್ಯಾಕ್ಸ್ ನಿಕಲ್ಸನ್ ಎಂಬ ಪಕ್ಷಿವಿಜ್ಞಾನಿಯೊಡನೆ ಕಾಡುಹಕ್ಕಿಗಳ ಹಾಡುಗಳನ್ನು ಪುಸ್ತಕದೊಂದಿಗೆ ಪ್ಲೇಟುಗಳಾಗಿ ಹೊರತಂದನು. ಪರದೇಶಿಯ ಉಚ್ಚಾರದ ಅವನ ಇಂಗ್ಲಿಷು ಬಾನುಲಿಯಲ್ಲಿ ಮನೆಮಾತಾಯಿತು. ಅವನ ಸಂಗ್ರಹವು ಬಿ.ಬಿ.ಸಿ.ಯ ಪ್ರಕೃತಿಧ್ವನಿ ಭಂಡಾರಕ್ಕೆ ಅಡಿಗಲ್ಲಾಯಿತು.

ಅಮೆರಿಕದಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಆರ್ಥರ್ ಆಲೆನ್ ಮತ್ತು ಪೀಟರ್ ಪಾಲ್ ಕೆಲಾಗ್ ಎಂಬವರು 1929ರಲ್ಲಿ ಮಾತಿನ ಚಲಚ್ಚಿತ್ರದ ಯಂತ್ರಗಳನ್ನು ಹಕ್ಕಿಗಳ ಕಡೆಗೆ ತಿರುಗಿಸಿದರು. ಬೋಗುಣಿಯಾಕಾರದ ದೊಡ್ಡ ಪ್ರತಿಫಲಕವೊಂದನ್ನು ಹಕ್ಕಿಗೆ ಎದುರಾಗಿ ಹಿಡಿದು, ದೂರದ ದನಿಯನ್ನು ಮೈಕ್ರೋಫೋನಿನ ಮೇಲೆ ಕೂಡಿಸುವ ಉಪಾಯವೂ ಅಲ್ಲಿ ಬಳಕೆಗೆ ಬಂದಿತು. ಪಂಜರದ ಅಗತ್ಯ ತಪ್ಪಿತು. 1935ರಲ್ಲಿ ಲೂಯಿಸಿಯಾನದ ಹಳೆಯ ಕಾಡೊಂದರಲ್ಲಿ ಅವರು ದಂತದ ಬಣ್ಣದ ಕೊಕ್ಕಿನ ದೊಡ್ಡ ಮರಕುಟಿಗದ ಕೂಗನ್ನು ಹಿಡಿದರು. ತಗಡಿನ ತುತ್ತೂರಿಯನ್ನು ಮಕ್ಕಳು ಊದಿದಂತಹ ದನಿ. ಕೆಲವೇ ವರ್ಷಗಳಲ್ಲಿ ಆ ಕಾಡನ್ನು ಕಡಿದರು. ಎಲ್ಲರೂ ಒಪ್ಪುವಂತೆ ಆ ಹಕ್ಕಿ ಕಡೆಯ ಸಲ ಕಂಡುದು 1944ರಲ್ಲಿ. ಆಮೇಲೆ ಅದನ್ನು ಹುಡುಕಿ ಹೊರಟವರು 1935ರ ದನಿಯನ್ನೇ ಕಾಡಿನಲ್ಲಿ ಕೇಳಿಸಿ, ಮರುದನಿಗಾಗಿ ಕಾದರು.

ನ್ಯೂಜಿಲೆಂಡಿನ ಹೂಯಾ ಹಕ್ಕಿಗೆ ಅಷ್ಟು ಭಾಗ್ಯವೂ ಇರಲಿಲ್ಲ. ಅದು ನಂಬಲರ್ಹವಾಗಿ ಕಡೆಯ ಸಲ ಕಂಡುದು 1907ರಲ್ಲಿ. ಯಾವ ಯಂತ್ರವೂ ಅದರ ದನಿಯನ್ನು ಹಿಡಿದಿರಲಿಲ್ಲ. ಮಾವೊರಿ ಜನರು ಹೂಯಾವನ್ನು ಹಿಡಿಯಬೇಕಾದರೆ ಅದರಂತೆಯೇ ಸಿಳ್ಳು ಹಾಕಿ ಹತ್ತಿರಕ್ಕೆ ಕರೆಯುತ್ತಿದ್ದರು. ಆ ವಿದ್ಯೆಯನ್ನು ಬಲ್ಲ ಹೆನಾರೆ ಹಾಮಾನ ಎಂಬವರು 1909ರಲ್ಲಿ ಹೂಯಾವನ್ನು ಅರಸಿ ಹೋದ ತಂಡದಲ್ಲಿಯೂ ಇದ್ದರು. ಹಕ್ಕಿ ಸಿಕ್ಕಲಿಲ್ಲ. ಹಲವು ದಶಕಗಳ ತರುವಾಯ ಬಾನುಲಿಯವರ ಯಂತ್ರದ ಮುಂದೆ ನಿಂತು, ಆ ವೃದ್ಧರು ಹಿಂದೆ ಹಕ್ಕಿಯನ್ನು ಕರೆಯುತ್ತಿದ್ದಂತೆಯೇ ಸಿಳ್ಳು ಹಾಕಿದರು. ಸಿಳ್ಳು ಯಾರದು, ಹಕ್ಕಿ ಯಾವುದು, ಅದು ಯಾವ ಸಂದರ್ಭದಲ್ಲಿ ಹೇಗೆ ಕೂಗುತ್ತಿತ್ತು ಎಂಬ ವಿವರಣೆಯೂ ಆ ಮುದ್ರಣದಲ್ಲಿ ಸೇರಿದೆ. ಹೂಯಾದ ಕೂಗನ್ನು ಕೇಳಬೇಕೆನ್ನುವವರಿಗೆ ಇಂದು ದೊರೆಯುವುದು ಆ ಸಿಳ್ಳೇ.