ಪಿಎಲ್‌ಪ್ಲಾಟ್: ಎಲ್ಲ ಗಣಕಗಳಲ್ಲೂ ಒಂದೇ ಗ್ರಾಫ್

ಅಂಕಿಗಳನ್ನು ಗ್ರಾಫ್ ಆಗಿ ಬಿಡಿಸುವ ಮುಕ್ತ ತಂತ್ರಾಂಶಗಳಲ್ಲಿ ಪಿಎಲ್‌ಪ್ಲಾಟ್ ಹಳೆಯದು. ಅದರ ಹುಟ್ಟಿಗೆ ಕಾರಣವಾದದ್ದು ಒಂದು ಅವಸರ. 1986ರ ಆರಂಭದಲ್ಲಿ ಕೇಂಬ್ರಿಜ್‌ನ ಮುಲ್ಲಾರ್ಡ್ ರೇಡಿಯೋ ಖಗೋಳ ವೀಕ್ಷಣಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಸ್ಜೆ ಟ್ಯಾನ್ ಅವರು ವಿಚಾರಗೋಷ್ಠಿಯೊಂದರಲ್ಲಿ ಐಬಿಎಂ ಪಿಸಿಯ ಮೇಲೆ ಚಿತ್ರಗಳನ್ನು ತೋರಿಸಬೇಕಿತ್ತು. ಆ ಪಿಸಿಯ ಗ್ರಾಫಿಕ್ಸ್ ಕಾರ್ಡ್ ಯಾವ ಮಾನಕಕ್ಕೂ ಒಗ್ಗದ್ದು, ಅದಕ್ಕೆ ಡ್ರೈವರ್ ಕೂಡ ಇರಲಿಲ್ಲ. ಕೈಯಲ್ಲಿದ್ದದ್ದು ಸುಮಾರು ಒಂದು ವಾರ. ಅಲ್ಲಿಯವರೆಗೆ ಅವರು ಬಳಸುತ್ತಿದ್ದದ್ದು ವ್ಯಾಕ್ಸ್ ಗಣಕಗಳಲ್ಲಿ ಓಡುತ್ತಿದ್ದ, ಫೋರ್ಟ್ರಾನ್‌ನಲ್ಲಿ ಬರೆದ, ಟಿಮ್ ಪಿಯರ್ಸನ್ ಅವರ ಪಿಜಿಪ್ಲಾಟ್. ವ್ಯಾಕ್ಸ್‌ಗೆ ಬರೆದ ಪ್ರೋಗ್ರಾಂಗಳನ್ನು ಹೆಚ್ಚು ತಿದ್ದದೆ ಪಿಸಿಗೆ ತರಬೇಕೆಂದು ಅವರು ಹೊಸ ಲೈಬ್ರರಿಯ ಆಜ್ಞೆಗಳನ್ನು ಪಿಜಿಪ್ಲಾಟ್‌ನ ಆಜ್ಞೆಗಳಿಗೆ ಆದಷ್ಟು ಹತ್ತಿರ ಇಟ್ಟರು. ಒಳಗಿನ ಕೋಡ್ ಮಾತ್ರ ಸ್ವಂತದ್ದು. ಒಂದು ಯಂತ್ರದಲ್ಲಿ ಓಡಿದ್ದು ಇನ್ನೊಂದರಲ್ಲೂ ಓಡಬೇಕೆಂಬ ಹಟ ಹೀಗೆ ಮೊದಲ ದಿನದಿಂದಲೇ ಈ ಲೈಬ್ರರಿಯ ಜೊತೆಗಿದೆ.

ಟ್ಯಾನ್ ಅವರ ಉಪಾಯ ಸರಳವಾಗಿತ್ತು. ಪರದೆಯ ಮೇಲೆ ಒಂದು ಗೆರೆ ಅಥವಾ ಒಂದು ಚುಕ್ಕೆ ಹಾಕಲು ಬಂದರೆ ಸಾಕು, ಅಕ್ಷ, ವಕ್ರರೇಖೆ, ಅಕ್ಷರ ಎಲ್ಲವನ್ನೂ ಅದರಿಂದಲೇ ಕಟ್ಟಬಹುದು. ಹೊಸ ಯಂತ್ರ ಬಂದರೆ ಆ ಚಿಕ್ಕ ಭಾಗವನ್ನಷ್ಟೇ ಹೊಸದಾಗಿ ಬರೆದರಾಯಿತು. ಅಕ್ಷರಗಳಿಗೆ ಹರ್ಷಿ ಲಿಪಿಗಳಿದ್ದವು. ಅಮೆರಿಕದ ನೌಕಾದಳದ ಪ್ರಯೋಗಾಲಯದಲ್ಲಿ ಎ. ವಿ. ಹರ್ಷಿ ಅವರು 1967ರಲ್ಲಿ ಪ್ರಕಟಿಸಿದ ಈ ಲಿಪಿಗಳಲ್ಲಿ ಪ್ರತಿ ಅಕ್ಷರವೂ ತುಂಡು ಗೆರೆಗಳ ಜೋಡಣೆ. ರೋಮನ್, ಗ್ರೀಕ್, ಸಿರಿಲಿಕ್ ಅಕ್ಷರಗಳಿಗೆ ಅವು ಸಾಕಾಗುತ್ತಿದ್ದವು. ಕನ್ನಡ ಅವುಗಳಲ್ಲಿ ಇರಲಿಲ್ಲ.

ಮುಂದೆ ಟೋನಿ ರಿಚರ್ಡ್ಸನ್ ಅವರು ಕಮೋಡೋರ್ ಅಮಿಗಾ ಗಣಕದಲ್ಲಿ ಸಿ ಭಾಷೆಯ ಆವೃತ್ತಿಯನ್ನು ಬೆಳೆಸಿ, ಹೊಸ ಸಾಧನಗಳನ್ನು ಸೇರಿಸಲು ಅನುಕೂಲವಾಗುವಂತೆ ರಚನೆಯನ್ನು ಬದಲಿಸಿದರು. ಮಾರಿಸ್ ಲೆಬ್ರನ್ ಮತ್ತು ಜೆಫ್ರಿ ಫರ್ನಿಷ್ ಅದನ್ನು ಯುನಿಕ್ಸ್ ಜಗತ್ತಿನಲ್ಲಿ ಬೆಳೆಸಿದರು. ಫೋರ್ಟ್ರಾನ್, ಟಿಸಿಎಲ್, ಪೈಥಾನ್, ಜಾವಾ, ಆಡಾ, ಓಕ್ಯಾಮಲ್ ಹೀಗೆ ಒಂದೊಂದೇ ಭಾಷೆಯಿಂದ ಲೈಬ್ರರಿಯನ್ನು ಕರೆಯುವ ದಾರಿಗಳು ಸೇರಿಕೊಂಡವು.

ತೊಡಕು ಬೆಳೆದದ್ದೂ ಅಲ್ಲೇ. ಗಣಿತದ ಭಾಗ ಎಲ್ಲ ಕಡೆ ಒಂದೇ, ಕೋಡ್ ಅನ್ನು ಯಂತ್ರಕ್ಕೆ ಇಳಿಸುವ ಕಂಪೈಲರ್‌ಗಳ ನಡವಳಿಕೆ ಬೇರೆ ಬೇರೆ. ಫೋರ್ಟ್ರಾನ್ ಕಂಪೈಲರ್‌ಗಳಲ್ಲಿ ಒಂದು ಫಂಕ್ಷನ್ ಹೆಸರಿನ ಕೊನೆಗೆ ಅಡಿಗೆರೆ ಸೇರಿಸುತ್ತದೆ, ಇನ್ನೊಂದು ಹೆಸರನ್ನೆಲ್ಲ ದೊಡ್ಡಕ್ಷರ ಮಾಡುತ್ತದೆ. ಹಾಗಾಗಿ ಸಿ ಭಾಷೆಯ ಕಡೆ ಅದೇ ಹೆಸರನ್ನು ಹುಡುಕುವ ಲಿಂಕರ್‌ಗೆ ಏನೂ ಸಿಗುವುದಿಲ್ಲ. ಅಕ್ಷರಮಾಲೆಯ ಉದ್ದವನ್ನು ಗುಟ್ಟಾಗಿ ಜೊತೆಗೆ ಕಳಿಸುವ ಕ್ರಮದಲ್ಲೂ ಒಮ್ಮತವಿಲ್ಲ. ಲಿನಕ್ಸ್‌ನಲ್ಲಿ ಲೈಬ್ರರಿಯ ಫಂಕ್ಷನ್‌ಗಳು ಸಾಮಾನ್ಯವಾಗಿ ಹೊರಗಿನವರಿಗೆ ತಾವಾಗಿಯೇ ಕಾಣುತ್ತವೆ. ವಿಂಡೋಸ್‌ನ ಡಿಎಲ್‌ಎಲ್‌ನಲ್ಲಿ ಯಾವುದು ಹೊರಗೆ ಕಾಣಬೇಕೆಂದು ಗುರುತು ಹಾಕಬೇಕು. ಲೈಬ್ರರಿಯನ್ನು ಕಟ್ಟುವಾಗ ಆ ಗುರುತು ಒಂದು ಬಗೆ, ಬಳಸುವಾಗ ಇನ್ನೊಂದು ಬಗೆ. ಪಿಎಲ್‌ಪ್ಲಾಟ್‌ನ ಡ್ರೈವರ್‌ಗಳನ್ನು ಪ್ರೋಗ್ರಾಂ ಓಡುವಾಗಲೇ ಲೋಡ್ ಮಾಡುವ ಏರ್ಪಾಡು ಇರುವುದರಿಂದ ಒಂದು ಗುರುತು ತಪ್ಪಿದರೂ ಕಂಪೈಲ್ ಸುಸೂತ್ರವಾಗಿ ಮುಗಿದು, ಗ್ರಾಫ್ ತೆರೆಯುವ ಹೊತ್ತಿಗೆ ಎಲ್ಲ ನಿಂತುಹೋಗಬಹುದು. ಇಂಥ ದೋಷ ಹುಡುಕಲು ಜಾಣ್ಮೆಗಿಂತ ತಾಳ್ಮೆ ಹೆಚ್ಚು ಬೇಕು.

ಬೇರೆ ಬೇರೆ ಯಂತ್ರಗಳಲ್ಲಿ ಲೈಬ್ರರಿಯನ್ನು ಕಟ್ಟುವ ಕೆಲಸಕ್ಕೆ ಮೊದಲು ಆಟೋಟೂಲ್ಸ್ ಇತ್ತು. ಅದು ಯುನಿಕ್ಸ್ ಶೆಲ್ ಅನ್ನು ನೆಚ್ಚಿಕೊಂಡ ಸಾಧನ. ವಿಂಡೋಸ್‌ಗೆ ಪ್ರತ್ಯೇಕ ಕಡತಗಳನ್ನು ಇಟ್ಟುಕೊಳ್ಳಬೇಕಾಗುತ್ತಿತ್ತು, ಒಂದು ಕಡೆ ತಿದ್ದಿದ ತಪ್ಪು ಇನ್ನೊಂದು ಕಡೆ ಹಾಗೆಯೇ ಉಳಿದುಬಿಡುತ್ತಿತ್ತು. 2006ರ ಹೊತ್ತಿಗೆ ಪಿಎಲ್‌ಪ್ಲಾಟ್ ತಂಡದ ಅಲನ್ ಇರ್ವಿನ್ ಮತ್ತು ಸಂಗಡಿಗರು ಸಿಮೇಕ್ ಕಡೆ ಹೊರಳಿದರು. ಕಿಟ್‌ವೇರ್ ಸಂಸ್ಥೆ ವೈದ್ಯಕೀಯ ಚಿತ್ರಗಳ ಯೋಜನೆಯೊಂದಕ್ಕೆಂದು 2000ದಲ್ಲಿ ರೂಪಿಸಿದ ಸಿಮೇಕ್, ಒಂದೇ ವಿವರಣೆಯಿಂದ ಲಿನಕ್ಸ್‌ಗೆ ಮೇಕ್‌ಫೈಲ್‌ಗಳನ್ನೂ ವಿಂಡೋಸ್‌ಗೆ ವಿಷುವಲ್ ಸ್ಟುಡಿಯೋ ಕಡತಗಳನ್ನೂ ಹುಟ್ಟಿಸುತ್ತದೆ. ಪಿಎಲ್‌ಪ್ಲಾಟ್‌ನ ಇತಿಹಾಸದಲ್ಲಿ ಯಾವ ಹೊಸ ಬಗೆಯ ಗ್ರಾಫ್‌ಗಿಂತಲೂ ದೊಡ್ಡ ಹೆಜ್ಜೆ ಇದು. ಪರೀಕ್ಷೆಯ ಕ್ರಮವೂ ಅಷ್ಟೇ ಗಟ್ಟಿಯದು. ಮೂವತ್ತಕ್ಕೂ ಹೆಚ್ಚು ಮಾದರಿ ಪ್ರೋಗ್ರಾಂಗಳನ್ನು ಸಿ ಭಾಷೆಯಲ್ಲೂ ಉಳಿದ ಭಾಷೆಗಳಲ್ಲೂ ಬರೆದಿಟ್ಟು, ಪ್ರತಿಯೊಂದೂ ಕೊಡುವ ಪೋಸ್ಟ್‌ಸ್ಕ್ರಿಪ್ಟ್ ಕಡತವನ್ನು ಸಿ ಭಾಷೆಯದರ ಜೊತೆ ಹೋಲಿಸುತ್ತಾರೆ. ವ್ಯತ್ಯಾಸ ಕಂಡರೆ ಎಲ್ಲೋ ತಪ್ಪಿದೆ ಎಂದರ್ಥ.

ಕೈಪಿಡಿಯ ಕಷ್ಟ ಇನ್ನೊಂದು ಜಾತಿಯದು. ಕೋಡ್ ತಪ್ಪಿದರೆ ಕಂಪೈಲರ್ ಕೂಗಿ ಹೇಳುತ್ತದೆ, ಕೈಪಿಡಿ ತಪ್ಪಿದರೆ ಹೇಳುವವರಿಲ್ಲ. ಫಂಕ್ಷನ್ ಒಂದರ ಆರ್ಗ್ಯುಮೆಂಟ್‌ಗಳ ಕ್ರಮ ಬದಲಾಗಿ, ಪುಟದಲ್ಲಿ ಹಳೆಯದೇ ಉಳಿದಿದ್ದರೆ ಹೊಸಬ ದಿನಗಟ್ಟಲೆ ತನ್ನದೇ ತಪ್ಪೆಂದು ಹುಡುಕುತ್ತಾನೆ. ಪಿಎಲ್‌ಪ್ಲಾಟ್‌ನವರು ಇಡೀ ಕೈಪಿಡಿಯನ್ನು ಡಾಕ್‌ಬುಕ್ ರೂಪದಲ್ಲಿ ಒಂದೇ ಕಡೆ ಬರೆದು, ಅದರಿಂದಲೇ ಎಚ್‌ಟಿಎಂಎಲ್, ಪಿಡಿಎಫ್, ಮ್ಯಾನ್ ಪುಟಗಳನ್ನು ತೆಗೆಯುವ ಕ್ರಮ ಇಟ್ಟುಕೊಂಡರು. ಆದರೆ ಡಾಕ್‌ಬುಕ್‌ನಿಂದ ಪುಟ ತೆಗೆಯುವ ಸಾಧನಗಳನ್ನು ಲಿನಕ್ಸ್‌ನ ಹೊರಗೆ ಹೊಂದಿಸುವುದೇ ಒಂದು ಕಂಪೈಲ್ ಸಮಸ್ಯೆ.

ಕನ್ನಡದ ಬಳಕೆದಾರರಿಗೆ ಕಂಪೈಲ್ ಮತ್ತು ಕೈಪಿಡಿಯ ಈ ಎರಡೂ ಸಮಸ್ಯೆಗಳು ಸೇರುವ ಜಾಗ ಗ್ರಾಫ್‌ನ ಅಕ್ಷರಗಳು. ಉದಾಹರಣೆಗೆ ವಾಣಿ ವಿಲಾಸ ಸಾಗರದ ನೀರಿನ ಮಟ್ಟದ ಗ್ರಾಫ್ ಅನ್ನೇ ತೆಗೆದುಕೊಳ್ಳಬಹುದು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಈ ಜಲಾಶಯದ ಹಿನ್ನೀರು ಹೊಸದುರ್ಗ ತಾಲ್ಲೂಕಿಗೂ ಚಾಚಿದೆ. ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. 2025ರ ಜನವರಿಯಲ್ಲಿ ಮೂರನೆಯ ಸಲ ಬಿತ್ತು. ಬರವನ್ನೇ ಹೆಚ್ಚು ಕಂಡ ಸೀಮೆಯ ಶತಮಾನದ ಕಥೆಯನ್ನು ಇಷ್ಟು ಸ್ಪಷ್ಟವಾಗಿ ಹೇಳಬಲ್ಲ ಗ್ರಾಫ್ ಇನ್ನೊಂದು ಸಿಗುವುದು ಕಷ್ಟ.

ಆ ಗ್ರಾಫ್‌ನ ಮೇಲೆ ಊರಿನ ಹೆಸರು ಬರೆಯುವಾಗ ತೊಂದರೆ ಶುರು. ‘ಹೊಸದುರ್ಗ’ದ ಕೊನೆಯಲ್ಲಿ ಯುನಿಕೋಡ್ ಕಡತ ಇಟ್ಟುಕೊಳ್ಳುವುದು ರಕಾರ, ಹಲಂತ ಚಿಹ್ನೆ, ಗಕಾರ ಈ ಕ್ರಮದಲ್ಲಿ. ಕಾಗದದ ಮೇಲೆ ಗಕಾರ ಮೊದಲು ಬಂದು ರಕಾರ ಅರ್ಕಾವತ್ತಾಗಿ ಹಿಂದೆ ಕೂರಬೇಕು. ‘ಹೊಳಲ್ಕೆರೆ’ಯಲ್ಲಿ ಕಕಾರ ಒತ್ತಾಗಿ ಕೆಳಗಿಳಿದು, ಅದರ ಎತ್ವ ಮೇಲಿನ ಲಕಾರಕ್ಕೆ ಹತ್ತಬೇಕು. ಫ್ರೀಟೈಪ್ ಎಂಬ ಫಾಂಟ್ ತಂತ್ರಾಂಶ ಒಂದೊಂದು ಅಕ್ಷರದ ಆಕಾರವನ್ನು ಬಿಡಿಸಿ ಕೊಡುತ್ತದೆ, ಈ ಸ್ಥಾನಪಲ್ಲಟ ಅದರ ಕೆಲಸವಲ್ಲ. ಹಾರ್ಫ್‌ಬಜ್‌ನಂಥ ಜೋಡಣಾ ತಂತ್ರಾಂಶ ಬೇಕು. ಜಾನ್ ಹಂಟರ್ 2003ರಲ್ಲಿ ಹೊರತಂದ, ಇಂದು ಹೆಚ್ಚು ಬಳಕೆಯಲ್ಲಿರುವ ಗ್ರಾಫ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್ ಬಹುಕಾಲ ಫ್ರೀಟೈಪ್ ಒಂದನ್ನೇ ನೆಚ್ಚಿದ್ದರಿಂದ ಅದರಲ್ಲಿ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು. ಪಿಎಲ್‌ಪ್ಲಾಟ್‌ನ ಕೈರೋ ಡ್ರೈವರ್ ಪ್ಯಾಂಗೋ ಎಂಬ ಜೋಡಣಾ ಲೈಬ್ರರಿಯ ಮೂಲಕ ಅಕ್ಷರ ಜೋಡಿಸುವುದರಿಂದ ಒತ್ತುಗಳನ್ನು ಸರಿಯಾಗಿ ಕೂರಿಸಬಲ್ಲದು. ಶಾಂತಿ ಎಂಬ ಪದವನ್ನು ಹಲವು ಭಾಷೆಗಳಲ್ಲಿ ಬರೆಯುವ 24ನೇ ಮಾದರಿ ಇದನ್ನೇ ಪರೀಕ್ಷಿಸಲು ಇದೆ.

ಪ್ಯಾಂಗೋ, ಕೈರೋ ಎರಡನ್ನೂ ಲಿನಕ್ಸ್‌ನಲ್ಲಿ ಒಂದು ಆಜ್ಞೆಯಿಂದ ಸ್ಥಾಪಿಸಬಹುದು, ವಿಂಡೋಸ್‌ನಲ್ಲಿ ಅವುಗಳ ಜೊತೆಗೆ ಅವಲಂಬನೆಗಳ ಉದ್ದನೆಯ ಸರಪಳಿಯನ್ನೂ ತರಬೇಕು. ಅವು ಸಿಗದಿದ್ದರೆ ಸಿಮೇಕ್ ಆ ಡ್ರೈವರ್ ಅನ್ನು ಕೈಬಿಟ್ಟು ಮುಂದೆ ಹೋಗುತ್ತದೆ. ಫಾಂಟ್‌ಗಳೂ ಒಂದಲ್ಲ: ವಿಂಡೋಸ್‌ನಲ್ಲಿ ನಿರ್ಮಲಾ ಯುಐ (ಹಿಂದೆ ತುಂಗಾ), ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್, ಲಿನಕ್ಸ್‌ನಲ್ಲಿ ಲೋಹಿತ್ ಅಥವಾ ನೋಟೋ. ಒಂದರ ಹೆಸರನ್ನು ಪ್ರೋಗ್ರಾಂನಲ್ಲಿ ಬರೆದಿಟ್ಟರೆ ಉಳಿದೆರಡು ಕಡೆ ಖಾಲಿ ಚೌಕಗಳು ಬರಬಹುದು. ಎಲ್ಲ ಕಡೆ ಸಿಗುವ ನೋಟೋ ಫಾಂಟ್ ಅನ್ನು ಜೊತೆಗೆ ಕಳಿಸುವುದು, ಯಾವ ಡ್ರೈವರ್ ಬೇಕೆಂದು ಕೈಪಿಡಿಯಲ್ಲಿ ಹೆಸರಿಸಿ ಬರೆಯುವುದು ಸದ್ಯದ ಪರಿಹಾರ. ಪಿಎಲ್‌ಪ್ಲಾಟ್‌ನ 5.15.0 ಆವೃತ್ತಿ 2019ರ ಜೂನ್‌ನಲ್ಲಿ ಹೊರಬಂತು. ಅದರ ಮೂಲ ಕೋಡ್ ಯಾರು ಬೇಕಾದರೂ ತೆಗೆದು ತಿದ್ದಬಹುದಾದ ಎಲ್‌ಜಿಪಿಎಲ್ ಪರವಾನಗಿಯಡಿ ಇದೆ.